ಫ್ರೀಸಿಯನ್ ಗಂಡು ಮರಿ: ಬೀಜದ ಕುದುರೆಯಾಗಿ ಉಳಿಸಿಕೊಳ್ಳಬೇಕಾ, ಬೀಜ ತೆಗೆಸಬೇಕಾ?

ಕರಿಗೊರಸು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ವರ್ಷ ದಾಟಿದ ಫ್ರೀಸಿಯನ್ (ನೆದರ್‌ಲ್ಯಾಂಡ್ಸ್‌ನ ಕಪ್ಪು ಕುದುರೆ ತಳಿ) ಗಂಡು ಮರಿ ಇದೆ. ಅಪ್ಪ ಕೆಎಫ್‌ಪಿಎಸ್ (ಅಲ್ಲಿನ ಫ್ರೀಸಿಯನ್ ನೋಂದಣಿ ಸಂಸ್ಥೆ) ಒಪ್ಪಿಗೆ ಪಡೆದ ಗಂಡು, ಅಮ್ಮನಿಗೆ ತಳಿ ತಪಾಸಣೆಯಲ್ಲಿ ಸಿಗುವ ಸ್ಟೆರ್ ಪದವಿ ಇದೆ. ಕಾಗದಪತ್ರ ಎಲ್ಲಾ ಸರಿಯಾಗಿದೆ. ಮೈ ಕಪ್ಪು, ಎಲ್ಲೂ ಒಂದು ಬಿಳಿ ಕೂದಲಿಲ್ಲ. ಟ್ರಾಟ್ (ನಡಿಗೆಗಿಂತ ಚುರುಕಾದ ಓಟ) ನೋಡಿದವರೆಲ್ಲ ನಿಂತು ನೋಡುತ್ತಾರೆ. ಸ್ವಭಾವ ಮೃದು.

ಬೀಜ ತೆಗೆಸದೆ ಹಾಗೇ ಉಳಿಸಿಕೊಂಡು, ಪ್ರದರ್ಶನಗಳಿಗೆ ಕರೆದುಕೊಂಡು ಹೋಗಿ, ಆಮೇಲೆ ತಳಿಗೆ ಬಿಡಬೇಕು ಅಂತ ಆಸೆ. ಲಾಯದವರು ಅರ್ಧ ಜನ "ಇಂಥದ್ದಕ್ಕೆ ಬೀಜ ತೆಗೆಸಿದರೆ ಪಾಪ" ಅಂತಾರೆ. ಉಳಿದರ್ಧ "ತಲೆನೋವು ತಂದ್ಕೋಬೇಡ" ಅಂತಾರೆ. ಇಲ್ಲಿ ಫ್ರೀಸಿಯನ್ ಸಾಕಿದವರು, ತೋರಿಸಿದವರು, ಮರಿ ತೆಗೆದವರು ಇದ್ದೀರಿ. ನಿಜ ಹೇಳಿ.

ಲಗಾಮು

ನಿಜ ಕೇಳಿದ್ದೀರಿ, ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಬೀಜ ಇರುವ ಗಂಡು ಕುದುರೆ ಬೇರೆ, ತಳಿಗೆ ಒಪ್ಪಿಗೆ ಪಡೆದ ಗಂಡು ಬೇರೆ. ಬೇರೆ ಹಲವು ತಳಿಗಳಲ್ಲಿ ಈ ಎರಡರ ನಡುವೆ ಅಂತರ ಕಡಿಮೆ. ಫ್ರೀಸಿಯನ್‌ನಲ್ಲಿ ತುಂಬಾ ಜಾಸ್ತಿ. ನಿಮ್ಮ ಮರಿಗೆ ಕಾಗದ ಇದೆ ಅಂದರೆ ಅದು ಮರಿಪುಸ್ತಕದಲ್ಲಿ ದಾಖಲಾಗಿದೆ, ಅಷ್ಟೇ. ಒಪ್ಪಿಗೆ ಸಿಗದೆ ಅದರಿಂದ ಮರಿ ತೆಗೆದರೆ, ಆ ಮರಿಗಳಿಗೆ ಮುಖ್ಯ ಪುಸ್ತಕದಲ್ಲಿ ಜಾಗ ಇಲ್ಲ. ಪಕ್ಕದ ಬಿ-ಪುಸ್ತಕಕ್ಕೆ ಹೋಗುತ್ತವೆ. ಅಪ್ಪ ಅಮ್ಮ ಇಬ್ಬರೂ ಅಪ್ಪಟ ಫ್ರೀಸಿಯನ್ ಆಗಿದ್ದರೂ ಇದೇ ಕಥೆ. ಕೊಳ್ಳುವವರು ಮೊದಲು ನೋಡುವುದೇ ಅದನ್ನ.

ಒಪ್ಪಿಗೆಯ ದಾರಿ ಹೀಗಿದೆ. ಎರಡೂವರೆ ವರ್ಷ ಆಗುತ್ತಾ ಮೊದಲ ನೋಟ. ಅಲ್ಲಿ ದಾಟಿದವರಿಗೆ ಎರಡನೇ ನೋಟ. ಕೊನೆಯ ನೋಟ ಜನವರಿಯಲ್ಲಿ, ಫ್ರೀಸ್‌ಲ್ಯಾಂಡಿನ ಲೀವಾರ್ಡನ್ ಊರಲ್ಲಿ, ಗಂಡುಗಳ ದೊಡ್ಡ ಪ್ರದರ್ಶನದ ಹೊತ್ತಿಗೆ. ಅದನ್ನೂ ದಾಟಿದರೆ ಕೇಂದ್ರ ಪರೀಕ್ಷೆ. ಅಲ್ಲಿ ಸುಮಾರು 70 ದಿನ ಕುದುರೆ ಅವರ ಲಾಯದಲ್ಲಿ ಇರಬೇಕು. ಸವಾರಿ, ಗಾಡಿ ಎಳೆಯುವುದು, ಕಲಿಯುವ ಮನಸ್ಸು, ದಿನದಿನದ ನಡವಳಿಕೆ, ಎಲ್ಲಕ್ಕೂ ಅಂಕ. ಇದರ ಜೊತೆ ಮೂಳೆಯ ಎಕ್ಸ್‌ರೇ, ವೀರ್ಯ ಪರೀಕ್ಷೆ, ಡಿಎನ್‌ಎ. ಎತ್ತರವೂ ಬೇಕು, ನಾಲ್ಕನೇ ವರ್ಷಕ್ಕೆ ಭುಜದ ಬಳಿ ಕನಿಷ್ಠ 1.60 ಮೀಟರ್. ಅಮ್ಮನ ಕಡೆಯ ಹೆಣ್ಣುಗಳು ಏನು ಪದವಿ ಪಡೆದಿದ್ದಾರೆ ಅನ್ನುವುದನ್ನೂ ಕೆದಕಿ ನೋಡುತ್ತಾರೆ.

ಶುರುವಿನಲ್ಲಿ ನೂರಾರು ಗಂಡು ಮರಿಗಳು ಬರುತ್ತವೆ. ಕೊನೆಗೆ ಒಪ್ಪಿಗೆ ಸಿಗುವುದು ಕೈಬೆರಳಲ್ಲಿ ಎಣಿಸುವಷ್ಟಕ್ಕೆ. ಸಿಕ್ಕವರಿಗೆ ಹೆಸರಿನ ಜೊತೆ ಒಂದು ನಂಬರು. ಯಾಸ್ಪರ್ 366, ನಾರ್ಬರ್ಟ್ 444, ಹೀಗೆ. ಆ ನಂಬರು ಸಿಕ್ಕಿದ ಮೇಲೂ ಪರೀಕ್ಷೆ ಮುಗಿಯಲ್ಲ. ಕೆಲವು ವರ್ಷ ಬಿಟ್ಟು ಮರಿಗಳನ್ನು ನೋಡುತ್ತಾರೆ. ಮರಿಗಳು ಸಾಧಾರಣ ಅನ್ನಿಸಿದರೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುತ್ತಾರೆ.

ನಿಮ್ಮ ಮರಿ ಆ ಕೆಲವರಲ್ಲಿ ಒಂದಾಗಬಹುದು. ನಾನು ನೋಡಿಲ್ಲ, ಇಲ್ಲ ಅನ್ನಲ್ಲ. ಆದರೆ ಯೋಜನೆ ಹಾಕುವಾಗ "ಆಗದೇ ಹೋದರೆ" ಅನ್ನುವ ಕಡೆಯಿಂದ ಹಾಕಿ.

ಹಳೇಜೀನು

ಲಗಾಮು ಸರ್ ಹೇಳಿದ್ದು ನಿಯಮದ ಪ್ರಕಾರ ಸರಿ. ನಿಯಮವೇ ಸರಿಯಾ ಅಂತ ನನ್ನ ಪ್ರಶ್ನೆ.

ಈ ತಳಿಯ ಕಥೆ ಎಲ್ಲರಿಗೂ ಗೊತ್ತು. 1879ರಲ್ಲಿ ಸ್ಟಡ್‌ಬುಕ್ (ತಳಿಯ ನೋಂದಣಿ ಪುಸ್ತಕ) ಶುರುವಾಯಿತು. ಆಗಲೇ ರೈತರು ಭಾರದ ಕೆಲಸಕ್ಕೆ ದಪ್ಪ ಕುದುರೆ ಬೇಕು ಅಂತ ಬೇರೆ ತಳಿಯ ಜೊತೆ ಬೆರೆಸುತ್ತಿದ್ದರು. 1913ರ ಹೊತ್ತಿಗೆ ಅಪ್ಪಟ ಫ್ರೀಸಿಯನ್ ಬೀಜದ ಗಂಡು ಉಳಿದದ್ದು ಮೂರೇ ಮೂರು. ಪ್ರಿನ್ಸ್ 109, ಆಲ್ವಾ 113, ಫ್ರೀಸೊ 117. ಇವತ್ತಿನ ಎಲ್ಲ ಫ್ರೀಸಿಯನ್‌ಗಳ ಗಂಡು ಸಾಲನ್ನು ಹಿಂದಕ್ಕೆ ಹಿಡಿದು ಹೋದರೆ ನೇಮೊ 51 ಅನ್ನುವ ಒಂದೇ ಕುದುರೆಗೆ ಬಂದು ನಿಲ್ಲುತ್ತೆ. ಆಮೇಲೆ ಟ್ರಾಕ್ಟರ್ ಬಂತು. 1960ರ ದಶಕದಲ್ಲಿ ದಾಖಲಾದ ಹೆಣ್ಣುಗಳು ಸುಮಾರು 500ಕ್ಕೆ ಇಳಿದವು.

ಇಷ್ಟು ಕಿರಿದಾದ ಬಾಗಿಲಿನಿಂದ ಎರಡು ಸಲ ಹಾದು ಬಂದ ತಳಿ ಇದು. ಈಗಲೂ ವರ್ಷಕ್ಕೆ ಬೆರಳೆಣಿಕೆಯ ಗಂಡುಗಳಿಗೆ ಮಾತ್ರ ಒಪ್ಪಿಗೆ ಅಂದರೆ ರಕ್ತ ಇನ್ನೂ ಹತ್ತಿರ ಆಗಲ್ವಾ? ಆರೋಗ್ಯವಾಗಿರುವ, ಸ್ವಭಾವ ಚೆನ್ನಾಗಿರುವ ಗಂಡುಗಳನ್ನು ಟ್ರಾಟ್ ಸ್ವಲ್ಪ ಕಡಿಮೆ ಅಂತ ತಳ್ಳಿಬಿಟ್ಟರೆ ಹೇಗೆ? ನಾನಾದರೆ ಉಳಿಸಿಕೊಳ್ಳಿ ಅಂತೀನಿ.

ಲಗಾಮು

ಹಳೇಜೀನು ಅವರೇ, ರೋಗ ಸರಿಯಾಗಿ ಹಿಡಿದಿದ್ದೀರಿ. ಮದ್ದು ತಪ್ಪು.

ಒಪ್ಪಿಗೆ ಸಿಗದ ಮರಿ ಎಲ್ಲಿಂದ ಬಂತು? ಒಪ್ಪಿಗೆ ಸಿಕ್ಕಿದ ಗಂಡಿನಿಂದಲೇ. ಕರಿಗೊರಸು ಅವರ ಮರಿಯಲ್ಲಿ ಇರುವ ಅರ್ಧ ರಕ್ತ ಅಪ್ಪನದು. ಆ ಅಪ್ಪನಿಗೆ ಬೇರೆ ಮಕ್ಕಳು ನೂರಾರು ಇವೆ. ಇನ್ನರ್ಧ ಅಮ್ಮನದು. ಆಕೆಯ ಅಪ್ಪನೂ ನಂಬರು ಇರುವ ಗಂಡೇ. ಈ ಮರಿಯನ್ನು ತಳಿಗೆ ಬಿಟ್ಟರೆ ಹೊಸ ರಕ್ತ ಬರಲ್ಲ. ಇರುವ ರಕ್ತದ್ದೇ ಇನ್ನೊಂದು ಪ್ರತಿ ಬರುತ್ತೆ. ಸ್ಟಡ್‌ಬುಕ್ ಮುಚ್ಚಿದ ಪುಸ್ತಕ, ಹೊರಗಿನ ತಳಿಯ ರಕ್ತ ಸೇರಿಸುವ ಹಾಗಿಲ್ಲ. ಹಾಗಿರುವಾಗ ಗಂಡುಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ವೈವಿಧ್ಯ ಹೆಚ್ಚಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಒಂದು ಗಂಡು ಲೀವಾರ್ಡನ್‌ನಲ್ಲಿ ಗೆದ್ದರೆ ಎಲ್ಲರೂ ಅದರ ಹಿಂದೆಯೇ ಓಡುತ್ತಾರೆ. ಹತ್ತು ವರ್ಷ ಬಿಟ್ಟು ನೋಡಿದರೆ ಹೆಣ್ಣುಗಳೆಲ್ಲ ಅದರ ಮೊಮ್ಮಕ್ಕಳು. ಅದಕ್ಕೇ ಒಂದು ಗಂಡಿಗೆ ವರ್ಷಕ್ಕೆ ಇಷ್ಟೇ ಹೆಣ್ಣು ಅಂತ ಮಿತಿ ಇಟ್ಟಿದ್ದಾರೆ. ಪ್ರತಿ ಗಂಡಿಗೂ ಇಡೀ ತಳಿಯ ಜೊತೆ ಎಷ್ಟು ನಂಟಿದೆ ಅನ್ನುವ ಶೇಕಡಾ ಲೆಕ್ಕವನ್ನೂ ಪ್ರಕಟಿಸುತ್ತಾರೆ. ನಂಟು ಕಡಿಮೆ ಇರುವ, ಹೆಸರು ಅಷ್ಟಾಗಿ ಕೇಳದ, ಒಪ್ಪಿಗೆ ಪಡೆದ ಗಂಡನ್ನು ನಿಮ್ಮ ಹೆಣ್ಣಿಗೆ ಆರಿಸಿ. ತಳಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇಡ. ಆದರೆ ಅದನ್ನು ಯಾರೂ ಮಾಡಲ್ಲ. ಮರಿ ಮಾರುವಾಗ ಅಪ್ಪನ ಹೆಸರು ಕೇಳುತ್ತಾರಲ್ಲ!

ಒಂದು ವಿನಾಯಿತಿ ಕೊಡುತ್ತೇನೆ. ಅಪರೂಪದ ಸಾಲಿನ, ನಂಟು ತೀರಾ ಕಡಿಮೆ ಇರುವ ಮರಿಯಾದರೆ ಬೀಜ ತೆಗೆಸಲು ಅವಸರ ಬೇಡ. ಅಂಥದ್ದಕ್ಕೆ ಬೆಲೆ ಇದೆ. ಕರಿಗೊರಸು, ನಿಮ್ಮ ಮರಿಯ ನಂಟಿನ ಲೆಕ್ಕ ಏನಿದೆ ನೋಡಿ.

ಡಾಕ್ಟರಮ್ಮ

ಕುದುರೆ ವೈದ್ಯೆಯಾಗಿ ನನ್ನ ಪಾಲಿನ ಮಾತು. ಟ್ರಾಟ್, ಕುತ್ತಿಗೆ, ಕೂದಲು ಇವೆಲ್ಲ ಆಮೇಲೆ. ಮೊದಲು ಜೀನ್ ಪರೀಕ್ಷೆ ಮಾಡಿಸಿ. ಬುಡ ಸಮೇತ ಕಿತ್ತ ಒಂದು ಹಿಡಿ ಕೂದಲು ಸಾಕು.

ಈ ತಳಿಯಲ್ಲಿ ಎರಡು ಕಾಯಿಲೆಗೆ ಖಚಿತ ಪರೀಕ್ಷೆ ಇದೆ. ಒಂದು ಕುಬ್ಜತೆ. ತಲೆ ಸರಿಯಾದ ಅಳತೆಗೆ ಬೆಳೆಯುತ್ತೆ, ಕಾಲು ಪಕ್ಕೆಲುಬು ಮಾತ್ರ ಬೆಳೆಯಲ್ಲ. ಇನ್ನೊಂದು ಹೈಡ್ರೊಸೆಫಾಲಸ್, ಹೊಟ್ಟೆಯಲ್ಲಿರುವ ಮರಿಯ ತಲೆಯಲ್ಲಿ ನೀರು ತುಂಬುವುದು. ಮರಿ ಸತ್ತೇ ಹುಟ್ಟುತ್ತೆ. ತಲೆ ಊದಿರುವುದರಿಂದ ಈಯುವಾಗ ತಾಯಿಯ ಜೀವಕ್ಕೂ ಅಪಾಯ. ಎರಡೂ ಒಂದೇ ರೀತಿ ಹರಿದು ಬರುತ್ತವೆ. ಕೆಟ್ಟ ಜೀನ್ ಒಂದೇ ಪ್ರತಿ ಇದ್ದರೆ ಕುದುರೆಗೆ ಏನೂ ಆಗಲ್ಲ, ಹೊರಗಿನಿಂದ ಗೊತ್ತೂ ಆಗಲ್ಲ. ಅಂಥ ಎರಡು ಕುದುರೆ ಸೇರಿದರೆ ಪ್ರತಿ ಮರಿಗೂ 25% ಅಪಾಯ. ಅದಕ್ಕೇ ವಾಹಕ (ಕೆಟ್ಟ ಜೀನ್ ಒಂದು ಪ್ರತಿ ಹೊತ್ತ) ಗಂಡಿಗೆ ವಾಹಕ ಹೆಣ್ಣನ್ನು ಸೇರಿಸಬಾರದು.

ವಾಹಕ ಅಂತ ಬಂದರೆ ಕುದುರೆ ಕೆಟ್ಟದ್ದು ಅಂತಲ್ಲ. ಒಪ್ಪಿಗೆ ಪಡೆದ ಗಂಡುಗಳಲ್ಲೂ ವಾಹಕರಿದ್ದಾರೆ, ಅದನ್ನು ಬಚ್ಚಿಡಲ್ಲ. ಎಲ್ಲ ವಾಹಕರನ್ನೂ ಒಂದೇ ಏಟಿಗೆ ತೆಗೆದುಹಾಕಿದರೆ ಮೊದಲೇ ಕಿರಿದಾದ ತಳಿ ಇನ್ನೂ ಕಿರಿದಾಗುತ್ತೆ. ಜೋಡಿ ನೋಡಿ ಸೇರಿಸಿದರೆ ಸಾಕು.

ಪರೀಕ್ಷೆಗೆ ಸಿಗದ ತೊಂದರೆಗಳೂ ಇವೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಡೆಯುವುದು, ಅನ್ನನಾಳ ಹಿಗ್ಗಿ ಮೇವು ಸಿಕ್ಕಿಕೊಳ್ಳುವುದು. ಇವು ಬೇರೆ ತಳಿಗಿಂತ ಫ್ರೀಸಿಯನ್‌ನಲ್ಲಿ ಹೆಚ್ಚು. ಮರಿ ಪದೇ ಪದೇ ಮೇವು ಸಿಕ್ಕಿ ಕೆಮ್ಮುತ್ತಾ, ಮೂಗಿನಿಂದ ಮೇವು ಬರುತ್ತಾ ಅಂತ ಗಮನಿಸಿ. ಬಂದರೆ ತಳಿಯ ಮಾತು ಬಿಡಿ, ಮೊದಲು ವೈದ್ಯರಿಗೆ ತೋರಿಸಿ.

ಇನ್ನು ವೀರ್ಯ. ಫ್ರೀಸಿಯನ್ ಗಂಡುಗಳಲ್ಲಿ ವೀರ್ಯದ ಗುಣಮಟ್ಟ ಸಾಮಾನ್ಯವಾಗಿ ಕಡಿಮೆಯೇ. ಕುದುರೆ ಎಷ್ಟೇ ಚೆಂದ ಇರಲಿ, ಕೆಲವಕ್ಕೆ ಇಲ್ಲೇ ದಾರಿ ಮುಚ್ಚುತ್ತೆ.

ಕರಿಗೊರಸು

ಡಾಕ್ಟರಮ್ಮ, ತುಂಬಾ ಥ್ಯಾಂಕ್ಸ್. ಮೇವು ಸಿಕ್ಕಿಕೊಂಡದ್ದು ನೋಡಿಲ್ಲ. ಜೀನ್ ಪರೀಕ್ಷೆ ಮಾಡಿಸಿಲ್ಲ, ಮಾಡಿಸ್ತೀನಿ. ಬಣ್ಣಕ್ಕೂ ಪರೀಕ್ಷೆ ಬೇಕು ಅಂತ ಯಾರೋ ಅಂದರು. ಕಣ್ಣಿಗೆ ಕಪ್ಪು ಕಾಣ್ತಾ ಇದೆಯಲ್ಲ, ಮತ್ತೆ ಯಾಕೆ?

ಇನ್ನೊಂದು. ಪ್ರದರ್ಶನದ ಬಗ್ಗೆ ಯಾರೂ ಮಾತಾಡಲಿಲ್ಲ.

ಡಾಕ್ಟರಮ್ಮ

ಕಪ್ಪು ಕುದುರೆಯೊಳಗೆ ಕೆಂಪಿನ ಜೀನ್ ಅಡಗಿರಬಹುದು. ಅಂಥ ಎರಡು ಸೇರಿದರೆ ಕೆಂಪು ಮರಿ ಹುಟ್ಟುವ ಸಾಧ್ಯತೆ ಇದೆ. ಕೆಎಫ್‌ಪಿಎಸ್‌ನಲ್ಲಿ ಕೆಂಪಿನ ಜೀನ್ ಹೊತ್ತ ಗಂಡಿಗೆ ಒಪ್ಪಿಗೆ ಇಲ್ಲ. ಬಿಳಿ ಗುರುತಿನಲ್ಲೂ ಗಂಡುಗಳಿಗೆ ಬಿಗಿ ಜಾಸ್ತಿ. ಹೆಣ್ಣಿಗಾದರೆ ಹಣೆಯ ಮೇಲೆ ಪುಟ್ಟ ಚುಕ್ಕೆ ನಡೆಯುತ್ತೆ.

ಗಾಡಿಚಕ್ರ

ಪ್ರದರ್ಶನದ ಮಾತು ನಾನು ಹೇಳ್ತೀನಿ, ನನಗೆ ಇಷ್ಟದ ಭಾಗ ಅದೇ.

ಫ್ರೀಸಿಯನ್‌ನವರು ಪ್ರದರ್ಶನ ಅಂದರೆ ಮೊದಲು ಬರುವುದು ಕ್ಯೋರಿಂಗ್. ಇದು ಚೆಂದದ ಸ್ಪರ್ಧೆ ಅಲ್ಲ, ತಳಿಯ ತಪಾಸಣೆ. ಜೀನು ಇಲ್ಲ, ಸವಾರ ಇಲ್ಲ. ಬಿಳಿ ಬಟ್ಟೆ ಹಾಕಿದ ಒಬ್ಬರು ಲಗಾಮು ಹಿಡಿದು ಕುದುರೆಯ ಪಕ್ಕ ಓಡುತ್ತಾರೆ. ಹಿಂದಿನಿಂದ ಇನ್ನೊಬ್ಬರು ಚಾವಟಿ ಹಿಡಿದು ಹುರಿದುಂಬಿಸುತ್ತಾರೆ. ಮೊದಲು ನಿಲ್ಲಿಸಿ ಮೈಕಟ್ಟು ನೋಡುತ್ತಾರೆ, ಆಮೇಲೆ ನಡಿಗೆ, ಆಮೇಲೆ ಟ್ರಾಟ್. ಮೈಕಟ್ಟಿಗೆ ಒಂದು ಅಂಕ, ಚಲನೆಗೆ ಒಂದು ಅಂಕ. ಮೊದಲ, ಎರಡನೇ, ಮೂರನೇ ಪ್ರೀಮಿಯಂ ಸಿಗುತ್ತೆ. ಚೆನ್ನಾಗಿದ್ದರೆ ಸ್ಟೆರ್. ಹೆಣ್ಣುಗಳಿಗೆ ಅದರ ಮೇಲೆ ಕ್ರೋನ್, ಅದಕ್ಕೂ ಮೇಲೆ ಮಾಡೆಲ್. ಪ್ರೆಫರೆಂಟ್ ಅನ್ನುವ ಪದವಿ ಕುದುರೆಯ ಸ್ವಂತ ಗುಣಕ್ಕೆ ಸಿಗುವುದಲ್ಲ, ಅದರ ಮಕ್ಕಳಿಂದಾಗಿ ಸಿಗುವುದು. ಯಾಸ್ಪರ್ 366, ಚೆರ್ಕ್ 328 ಇವರಿಗೆಲ್ಲ ಆ ಗೌರವ ಇದೆ.

ಇಲ್ಲಿ ಒಂದು ವಿಷಯ ಗಮನಿಸಿ. ಸ್ಟೆರ್ ಪದವಿ ಬೀಜ ತೆಗೆಸಿದ ಕುದುರೆಗೂ ಸಿಗುತ್ತೆ! ಕ್ಯೋರಿಂಗ್‌ಗೆ ಹೋಗಲು, ಅಂಕ ಪಡೆಯಲು ಬೀಜ ಇರಲೇಬೇಕು ಅಂತಿಲ್ಲ. ಪ್ರದರ್ಶನದ ಆಸೆಗೋಸ್ಕರ ಬೀಜ ಉಳಿಸುವುದಾದರೆ ಅದಕ್ಕೆ ಅರ್ಥ ಇಲ್ಲ.

ತಯಾರಿ ಬಗ್ಗೆ. ಓಡುವವರು ಗಟ್ಟಿ ಇರಬೇಕು. ಕುದುರೆ ದೊಡ್ಡ ಹೆಜ್ಜೆ ಇಡುವಾಗ ಪಕ್ಕದವರು ಹಿಂದೆ ಬಿದ್ದರೆ ಲಗಾಮು ಎಳೆದ ಹಾಗಾಗಿ ಟ್ರಾಟ್ ಮುರಿಯುತ್ತೆ. ಕುತ್ತಿಗೆ ಕೂದಲು, ಬಾಲ, ಕಾಲಿನ ಜೂಲು ಕತ್ತರಿಸಬೇಡಿ. ತಳಿಯ ಗುರುತೇ ಅದು. ಆದರೆ ಜೂಲಿನ ಕೆಳಗೆ ಕೈ ಹಾಕಿ ದಿನಾ ನೋಡಿ. ಒದ್ದೆ ನಿಂತರೆ ಚರ್ಮ ಬಿರಿಯುತ್ತೆ, ಹುಳ ಕೂರುತ್ತೆ. ಮೇಲಿನಿಂದ ಬಾಚಿ ಹೊಳೆಯೋ ಹಾಗೆ ಮಾಡಿ, ಒಳಗೆ ಹುಣ್ಣು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೀನಿ. ಬಿಸಿಲಿಗೆ ಕಪ್ಪು ಬಣ್ಣ ಕಂದಾಗುತ್ತೆ. ಬೆವರು ಹಾಗೇ ಒಣಗಿದರೂ ಅಷ್ಟೇ. ಬೇಗ ತೊಳೆಯಿರಿ.

ಆದರೆ ನನ್ನ ಕೇಳಿದರೆ ಫ್ರೀಸಿಯನ್‌ನ ನಿಜವಾದ ಜಾಗ ಗಾಡಿಯ ಮುಂದೆ. ಶೇಸ್ ಅಂತ ಒಂದು ಗಾಡಿ ಇದೆ, ಎರಡು ದೊಡ್ಡ ಚಕ್ರದ್ದು. ಹಳೇ ಕಾಲದ ಉಡುಪು ಹಾಕಿ ಗಂಡಸು, ಹೆಂಗಸು ಅಕ್ಕಪಕ್ಕ ಕೂರುತ್ತಾರೆ, ಬಿಳಿ ಲಗಾಮು. ಎಂಟು ಶೇಸ್ ಒಟ್ಟಿಗೆ ಅಖಾಡದಲ್ಲಿ ಸುತ್ತುವುದನ್ನು ನೋಡಿದವರಿಗೆ ಡ್ರೆಸಾಜ್ (ಸವಾರನ ಸಂಜ್ಞೆಗೆ ತಕ್ಕ ಹಾಗೆ ಹೆಜ್ಜೆ ಹಾಕಿಸುವ ಸ್ಪರ್ಧೆ) ಸಪ್ಪೆ ಅನ್ನಿಸುತ್ತೆ. (ಟ್ರಾಟ್‌ಪ್ರಿಯ ಈಗ ಬಂದು ಬೈತಾರೆ, ಕಾಯ್ತಾ ಇದ್ದೀನಿ.)

ಟ್ರಾಟ್‌ಪ್ರಿಯ

ಬಂದೆ ಅಣ್ಣ 😄 ಬೈಯಲ್ಲ. ಆದರೆ ಅಡೆಲ್ 357 ಅನ್ನೋ ಫ್ರೀಸಿಯನ್ ಗಂಡು ಗ್ರಾಂಡ್ ಪ್ರಿ ಅನ್ನೋ ಅತಿ ಮೇಲಿನ ಮಟ್ಟದ ಡ್ರೆಸಾಜ್ ಮಾಡಿದ್ದನ್ನ ನೀವು ಮರೆತ ಹಾಗಿದೆ.

ಕರಿಗೊರಸು, ಸವಾರಿ ಕಡೆಯಿಂದ ಎರಡು ಮಾತು. ಫ್ರೀಸಿಯನ್‌ನ ಟ್ರಾಟ್ ಹುಟ್ಟಿನಿಂದ ಬಂದದ್ದು, ಅದಕ್ಕೆ ಮರುಳಾಗಬೇಡಿ. ಈ ತಳಿಯಲ್ಲಿ ಕೆಲಸ ಬೇಕಾಗುವುದು ಕ್ಯಾಂಟರ್‌ಗೆ, ಅಂದರೆ ಟ್ರಾಟ್‌ಗಿಂತ ವೇಗದ ಓಟಕ್ಕೆ. ಗಾಡಿ ಎಳೆಯಲು ಬೆಳೆಸಿದ ಮೈಕಟ್ಟು ಅಲ್ವಾ, ಮುಂದಿನಿಂದ ಎಳೆಯುವ ಚಾಳಿ ಇರುತ್ತೆ. ಹಿಂಗಾಲು ಹೊಟ್ಟೆಯ ಕೆಳಗೆ ತರಿಸಲು ಸಮಯ ಹಿಡಿಯುತ್ತೆ. ಬೇಗ ಸುಸ್ತಾಗುತ್ತೆ ಕೂಡ. ದಮ್ಮು ಕಟ್ಟುವುದಕ್ಕೆ ತಾಳ್ಮೆ ಬೇಕು. ತೀರ್ಪುಗಾರರೂ ಈಗ ಬರೀ ಎತ್ತಿದ ಮುಂಗಾಲಿಗೆ ಅಂಕ ಕೊಡಲ್ಲ, ಬೆನ್ನು ಕೆಲಸ ಮಾಡ್ತಿದೆಯಾ ಅಂತ ನೋಡ್ತಾರೆ.

ಗಂಡಿನ ಸವಾರಿ ಬಗ್ಗೆ. ಸ್ವಭಾವ ಮೃದು ಅಂದಿರಿ. ಎರಡು ವರ್ಷಕ್ಕೆ ಎಲ್ಲವೂ ಮೃದುವೇ. ನಾಲ್ಕಕ್ಕೆ ನೋಡಿ. ಅಭ್ಯಾಸದ ಅಖಾಡದಲ್ಲಿ ಬೆದೆಗೆ ಬಂದ ಹೆಣ್ಣು ಪಕ್ಕದಲ್ಲಿ ಹಾದು ಹೋಗುತ್ತೆ. ಆಗ ನಿಮ್ಮ ಕಾಲಿನ ಮಾತು ಕೇಳಿದರೆ ಮೃದು. ಹಲವು ಪ್ರದರ್ಶನಗಳಲ್ಲಿ ಗಂಡು ಕುದುರೆಗೆ ಬೇರೆ ಲಾಯ, ಮಕ್ಕಳು ಹಿಡಿಯುವ ಹಾಗಿಲ್ಲ. ಬಾಡಿಗೆ ಲಾಯಗಳಲ್ಲಿ ಗಂಡು ಅಂದರೆ ಬಾಗಿಲೇ ತೆರೆಯದವರೂ ಇದ್ದಾರೆ. ಮುಂದೆ ಮಾರಬೇಕಾಗಿ ಬಂದರೆ ಕೊಳ್ಳುವವರೂ ಕಡಿಮೆ.

ಹಳೇಜೀನು

ಗಂಡು ಕುದುರೆ ಅಂದರೆ ಹುಲಿ ಅನ್ನೋ ಹಾಗೆ ಹೆದರಿಸುತ್ತೀರಪ್ಪ. ಗಂಡುಗಳು ಕೆಡುವುದು ಒಂಟಿ ಕೂಡಿಹಾಕುವುದರಿಂದ. ನಾಲ್ಕು ಗೋಡೆ, ಒಂದು ಕಿಟಕಿ, ದಿನಕ್ಕೆ ಅರ್ಧ ಗಂಟೆ ಸುತ್ತು. ಯಾವ ಜೀವಕ್ಕೆ ತಲೆ ಕೆಡಲ್ಲ ಹೇಳಿ?

ನನ್ನ ಗಂಡು ಬೀಜ ತೆಗೆಸಿದ ಮುದಿ ಕುದುರೆಯ ಜೊತೆ ಮೇಯುತ್ತೆ. ಆ ಮುದಿಯಪ್ಪನೇ ಅದಕ್ಕೆ ಗುರು. ಮೂಗು ಮೂಗು ತಾಗಿಸಲು, ಮೈ ಕೆರೆದುಕೊಳ್ಳಲು ಜೊತೆ ಇದ್ದರೆ ಅರ್ಧ ಗಲಾಟೆ ಕಡಿಮೆ. ಬೇಲಿ ಮಾತ್ರ ಎತ್ತರ ಇರಬೇಕು, ಕರೆಂಟ್ ತಂತಿ ಜೊತೆ. ಹೆಣ್ಣುಗಳ ಬೇಲಿಗೆ ಒತ್ತಿಕೊಂಡು ಗಂಡಿನ ಬೇಲಿ ಹಾಕಬೇಡಿ, ನಡುವೆ ಓಡಾಡುವಷ್ಟು ದಾರಿ ಬಿಡಿ.

ಲಗಾಮು

ಇದನ್ನು ಪೂರ್ತಿ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ತಳಿಯ ಕೆಲಸಕ್ಕೆ ಬೇರೆ ಕಡಿವಾಣ, ಸವಾರಿಗೆ ಮತ್ತು ಪ್ರದರ್ಶನಕ್ಕೆ ಬೇರೆ ಇಡಿ. ಜಾಗವೂ ಬೇರೆ. ಯಾವುದು ಮುಖಕ್ಕೆ ಬಿದ್ದರೆ ಯಾವ ಕೆಲಸ ಅಂತ ಕುದುರೆ ಬೇಗ ಕಲಿಯುತ್ತೆ. ಜನರೇ ಗೊಂದಲ ಮಾಡುವುದು, ಇವತ್ತು ಕಿರುಚಿದರೆ ಸುಮ್ನೆ ಇದ್ದು ನಾಳೆ ಅದಕ್ಕೇ ಹೊಡೆಯುವುದು.

ಆದರೆ ಹಳೇಜೀನು ಅವರೇ, ನಿಮಗೆ ಜಾಗ ಇದೆ, ಮುದಿ ಕುದುರೆ ಇದೆ, ಗಂಡು ಹಿಡಿದ ಕೈ ಇದೆ. ಇವೆಲ್ಲ ಇಲ್ಲದೆ "ಉಳಿಸಿಕೊಳ್ಳಿ" ಅನ್ನುವ ಸಲಹೆ ಕುದುರೆಗೇ ಶಿಕ್ಷೆ.

ಕರಿಗೊರಸು

ನಂದು ಹಂಚಿಕೊಂಡ ಲಾಯ. ಮೂರು ಗಂಡು ಮರಿಗಳು ಒಟ್ಟಿಗೆ ಮೇಯುತ್ತವೆ, ಆಚೆ ಹೆಣ್ಣುಗಳು. ಲಾಯದ ಮಾಲೀಕರು ಮೂರು ವರ್ಷ ಆಗುವ ತನಕ ಸರಿ ಅಂದಿದ್ದಾರೆ.

ಅಕಸ್ಮಾತ್ ಒಪ್ಪಿಗೆ ಸಿಕ್ಕಿತು ಅಂದುಕೊಳ್ಳಿ. ಆಮೇಲೆ ತಳಿಯ ಕೆಲಸ ದಿನದಿನ ಹೇಗಿರುತ್ತೆ? ಹೆಣ್ಣುಗಳನ್ನ ತಂದು ಬಿಡ್ತಾರಾ?

ಡಾಕ್ಟರಮ್ಮ

ಈಗ ಬಹುಪಾಲು ವೀರ್ಯ ತೆಗೆದು ಕಳಿಸುವುದೇ. ಗಂಡಿಗೆ ಡಮ್ಮಿಯ ಮೇಲೆ ಹತ್ತಲು ಕಲಿಸುತ್ತಾರೆ. ಅದು ಮೆತ್ತೆ ಹಾಕಿದ ದಿಮ್ಮಿಯಂಥದ್ದು. ಬಿಸಿನೀರು ತುಂಬಿದ ಕೃತಕ ಯೋನಿಯಲ್ಲಿ ವೀರ್ಯ ಸಂಗ್ರಹ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಎಷ್ಟು ಜೀವಾಣು ಮುಂದಕ್ಕೆ ಈಜುತ್ತಿವೆ ಅಂತ ನೋಡುತ್ತಾರೆ. ಆಮೇಲೆ ಪೋಷಕ ದ್ರವ ಬೆರೆಸಿ ಸುಮಾರು 5 ಡಿಗ್ರಿಗೆ ನಿಧಾನ ತಂಪು ಮಾಡಿ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. 24 ಗಂಟೆಯೊಳಗೆ ಹೆಣ್ಣಿಗೆ ಸೇರಿದರೆ ಒಳ್ಳೆಯದು, 48 ದಾಟಿದರೆ ನಂಬಿಕೆ ಕಡಿಮೆ. ಹೆಣ್ಣು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ, ಬೆದೆ ಐದಾರು ದಿನ ಇರುತ್ತೆ. ಹಾಗಾಗಿ ಆ ಕಡೆಯ ವೈದ್ಯರು ಸ್ಕ್ಯಾನ್ ಮಾಡಿ ಸರಿಯಾದ ದಿನ ಹೇಳಬೇಕು. ನಿಮ್ಮ ಫೋನಿಗೆ ಋತುವಿನಲ್ಲಿ ಬಿಡುವಿರಲ್ಲ. ಭಾನುವಾರ, ಹಬ್ಬ ಏನೂ ಇಲ್ಲ.

ಋತುವಿಗೆ ಮೊದಲು ಸೋಂಕಿನ ಪರೀಕ್ಷೆಗಳು ಆಗಬೇಕು. ಗರ್ಭಕೋಶದ ಸಾಂಕ್ರಾಮಿಕ ಉರಿಯೂತ, ವೈರಲ್ ಆರ್ಟರೈಟಿಸ್, ಇನ್‌ಫೆಕ್ಷಿಯಸ್ ಅನೀಮಿಯಾ. ಒಂದು ಗಂಡಿಗೆ ಸೋಂಕಿದ್ದರೆ ಪೆಟ್ಟಿಗೆ ಪೆಟ್ಟಿಗೆ ಊರೂರು ಹಂಚಿದ ಹಾಗೆ.

ಎಲ್ಲರೂ ಮರೆಯುವ ವಿಷಯ ಒಂದಿದೆ. ಒಂದು ಜೀವಾಣು ತಯಾರಾಗಲು ಸುಮಾರು 57 ದಿನ ಬೇಕು, ಹೊರಗೆ ಬರಲು ಇನ್ನೊಂದು ವಾರ. ಇವತ್ತು ಕುದುರೆಗೆ ಜೋರು ಜ್ವರ ಬಂದರೆ ಅದರ ಪೆಟ್ಟು ವೀರ್ಯದಲ್ಲಿ ಎರಡು ತಿಂಗಳವರೆಗೂ ಕಾಣಬಹುದು. ಪ್ರದರ್ಶನಕ್ಕೆ ಮೈ ತುಂಬಿಸಲು ಹಾರ್ಮೋನ್ ಚುಚ್ಚಿಸುವವರಿದ್ದಾರೆ. ಆ ಸ್ಟೆರಾಯ್ಡ್ ವೃಷಣವನ್ನು ಕುಗ್ಗಿಸುತ್ತೆ. ಕುತ್ತಿಗೆ ದಪ್ಪ, ವೀರ್ಯ ಖಾಲಿ. ದಯವಿಟ್ಟು ಬೇಡ.

ಹೆಣ್ಣಿನ ಮಾತೂ ಹೇಳಿಬಿಡುತ್ತೇನೆ. ಗಬ್ಬ ಸುಮಾರು ಹನ್ನೊಂದು ತಿಂಗಳು. ಫ್ರೀಸಿಯನ್ ಹೆಣ್ಣುಗಳಲ್ಲಿ ಈದ ಮೇಲೆ ಮಾಸು ಬೀಳದೆ ಉಳಿಯುವುದು ವಿಪರೀತ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಸಹಜ ಹೆರಿಗೆಗಳಲ್ಲೇ ಅರ್ಧಕ್ಕಿಂತ ಹೆಚ್ಚು ಕಡೆ ಹೀಗಾಗಿತ್ತು. ಮೂರು ಗಂಟೆಯೊಳಗೆ ಬೀಳದಿದ್ದರೆ ತುರ್ತು ಅಂತಲೇ ತಿಳಿಯಿರಿ. ಹಸುವಿನ ಹಾಗೆ ನಾಳೆವರೆಗೆ ನೋಡೋಣ ಅನ್ನುವ ಹಾಗಿಲ್ಲ. ಗರ್ಭಕೋಶಕ್ಕೆ ಸೋಂಕು ಹತ್ತಿ ಗೊರಸಿನವರೆಗೂ ಹೋಗುತ್ತೆ. ಕೈ ಹಾಕಿ ಎಳೆಯುವ ಕೆಲಸವಂತೂ ಮಾಡಲೇಬೇಡಿ. ಗಂಡಿನ ಮಾಲೀಕರು ಇದನ್ನು ಹೆಣ್ಣಿನ ಮಾಲೀಕರಿಗೆ ಮೊದಲೇ ಹೇಳುವುದು ಒಳ್ಳೆಯದು. ಹೇಳುವವರು ಕಡಿಮೆ.

ಗಾಡಿಚಕ್ರ

ಇದರ ಮೇಲೆ ಕರಾರು ಪತ್ರ. ಹೆಣ್ಣು ಗಬ್ಬ ನಿಲ್ಲದಿದ್ದರೆ ಏನು, ಮರಿ ಸತ್ತು ಹುಟ್ಟಿದರೆ ಏನು, ಮುಂದಿನ ಋತುವಿಗೆ ಮತ್ತೆ ಕೊಡ್ತೀರಾ, ಸಾಗಣೆ ಖರ್ಚು ಯಾರದು. ಸ್ನೇಹಿತರಿಗೆ ಕೊಟ್ಟರೂ ಬರೆದೇ ಕೊಡಿ. ಸ್ನೇಹಿತರಿಗಂತೂ ಬರೆದೇ ಕೊಡಿ.

ಟ್ರಾಟ್‌ಪ್ರಿಯ

ಬೇರೆ ನೋಂದಣಿ ಸಂಸ್ಥೆಗಳಲ್ಲಿ ಒಪ್ಪಿಗೆ ಸುಲಭ ಅಂತ ಕೇಳಿದ್ದೆ. ಆ ದಾರಿ ಹೇಗೆ?

ಲಗಾಮು

ಇವೆ. ಜರ್ಮನಿಯಲ್ಲಿ ಎಫ್‌ಪಿಝಡ್‌ವಿ ಅನ್ನುವ ಫ್ರೀಸಿಯನ್ ಸಂಘ ತನ್ನದೇ ತಪಾಸಣೆ ನಡೆಸುತ್ತೆ, ಬೇರೆ ಕಡೆಯೂ ಪುಟ್ಟ ಸಂಘಗಳಿವೆ. ಅಲ್ಲಿ ಒಪ್ಪಿಗೆ ಪಡೆದ ಒಳ್ಳೆಯ ಕುದುರೆಗಳನ್ನೂ ನೋಡಿದ್ದೇನೆ. ಆದರೆ ಒಂದು ಪುಸ್ತಕದ ಒಪ್ಪಿಗೆ ಇನ್ನೊಂದಕ್ಕೆ ತಾನಾಗಿ ಸಾಗಲ್ಲ. ಕೆಎಫ್‌ಪಿಎಸ್ ಹೆಣ್ಣು ಇರುವವರು ತಮ್ಮ ಮರಿಗೆ ಮುಖ್ಯ ಪುಸ್ತಕದ ಕಾಗದ ಬೇಕು ಅಂದರೆ ನಿಮ್ಮ ಬಾಗಿಲಿಗೆ ಬರಲ್ಲ. ಕಾಗದಕ್ಕಾಗಿ ಸಂಘ ಹುಡುಕುವ ಬದಲು, ಯಾವ ಸಂಘ ಎಕ್ಸ್‌ರೇ, ವೀರ್ಯ, ಜೀನ್, ಕೆಲಸದ ಪರೀಕ್ಷೆ ಇವೆಲ್ಲ ಕೇಳುತ್ತೆ ಅಂತ ನೋಡಿ. ಏನೂ ಕೇಳದೆ ಒಪ್ಪಿಗೆ ಕೊಡುವ ಸಂಘದ ಕಾಗದಕ್ಕೆ ಹಾಕಿದ ಶಾಯಿಯ ಬೆಲೆಯೂ ಇಲ್ಲ.

ಹಳೇಜೀನು

ಶಾಯಿ ಮಾತು ಚೆನ್ನಾಗಿದೆ. ನನ್ನ ಗಂಡಿಗೆ ಕೆಎಫ್‌ಪಿಎಸ್ ಒಪ್ಪಿಗೆ ಇಲ್ಲ, ನಾನು ತಳಿಗೂ ಬಿಟ್ಟಿಲ್ಲ. ಸವಾರಿಗೆ ಇಟ್ಟುಕೊಂಡಿದ್ದೀನಿ. ಲಗಾಮು ಅವರು ಹೇಳಿದ "ಇನ್ನೊಂದು ಪ್ರತಿ" ಮಾತನ್ನು ಮಾತ್ರ ಈಗಲೂ ಪೂರ್ತಿ ಒಪ್ಪಲ್ಲ. ಒಬ್ಬ ಅಪ್ಪನ ನೂರು ಮಕ್ಕಳಲ್ಲಿ ನೂರು ಬೇರೆ ಬೇರೆ ಹಂಚಿಕೆ ಇರುತ್ತೆ. ಟ್ರಾಟ್ ನೋಡಿ ಆರಿಸಿದರೆ ಪ್ರತಿ ಸಲವೂ ಒಂದೇ ಬಗೆಯ ಹಂಚಿಕೆ ಮುಂದೆ ಹೋಗುತ್ತೆ.

ಡಾಕ್ಟರಮ್ಮ

ತಳಿಶಾಸ್ತ್ರದ ಪ್ರಕಾರ ಹಳೇಜೀನು ಅವರ ಈ ಮಾತಿನಲ್ಲಿ ಹುರುಳಿದೆ. ಹಾಗಂತ ಪರೀಕ್ಷೆ ಇಲ್ಲದ ಗಂಡನ್ನು ಬಿಡುವುದು ಉತ್ತರ ಆಗಲ್ಲ. ಆಯ್ಕೆ ಮಾಡುವವರು ಚಲನೆಯ ಜೊತೆ ಆರೋಗ್ಯಕ್ಕೂ, ಕಡಿಮೆ ನಂಟಿಗೂ ತೂಕ ಹೆಚ್ಚಿಸಬೇಕು.

ಕರಿಗೊರಸು

ನಂಟಿನ ಲೆಕ್ಕ ನೋಡಿದೆ. ಅಪರೂಪ ಏನಿಲ್ಲ, ತಳಿಯ ಸರಾಸರಿಗಿಂತ ಸ್ವಲ್ಪ ಮೇಲೇ ಇದೆ. ಅಪ್ಪ ಜನಪ್ರಿಯ, ಅಮ್ಮನ ಅಪ್ಪನೂ ಜನಪ್ರಿಯ. ಲಗಾಮು ಸರ್ ಹೇಳಿದ ಹಾಗೇ ಆಯ್ತು.

ಹೀಗೆ ಮಾಡ್ತೀನಿ. ಕೂದಲು ಪರೀಕ್ಷೆಗೆ ಕಳಿಸ್ತೀನಿ. ಎಕ್ಸ್‌ರೇ ತೆಗೆಸ್ತೀನಿ. ಎರಡರಲ್ಲೂ ತೊಂದರೆ ಇಲ್ಲ ಅಂದರೆ ಮೊದಲ ನೋಟಕ್ಕೆ ಒಂದು ಸಲ ಕರೆದುಕೊಂಡು ಹೋಗ್ತೀನಿ, ಅವರ ಬಾಯಿಂದಲೇ ಕೇಳೋಣ ಅಂತ. ಅಲ್ಲಿ ದಾಟದಿದ್ದರೆ ಬೀಜ ತೆಗೆಸಿ ಸವಾರಿಗೆ ತಯಾರು ಮಾಡ್ತೀನಿ. ಗಾಡಿಚಕ್ರ ಅಣ್ಣ, ಶೇಸ್ ಕಲಿಸೋಕೆ ನಿಮ್ಮನ್ನೇ ಕಾಡೋದು.

ಎರಡು ಕೊನೆಯ ಪ್ರಶ್ನೆ. ಬೀಜ ತೆಗೆಸಿದರೆ ಆ ಕುತ್ತಿಗೆಯ ಗತ್ತು, ಟ್ರಾಟ್ ಹೋಗಿಬಿಡುತ್ತಾ? ಮತ್ತೆ ತೆಗೆಸಿದ ತಕ್ಷಣ ಹೆಣ್ಣುಗಳ ಜೊತೆ ಮೇಯಲು ಬಿಡಬಹುದಾ?

ಡಾಕ್ಟರಮ್ಮ

ಟ್ರಾಟ್ ಹೋಗಲ್ಲ. ಅದು ಮೂಳೆ, ಸ್ನಾಯುವಿನ ಕಟ್ಟಿನಿಂದ ಬಂದದ್ದು. ಕುತ್ತಿಗೆ ಎತ್ತರದಲ್ಲಿ ಕೂರುವುದೂ ತಳಿಯಿಂದ ಬಂದದ್ದೇ, ಉಳಿಯುತ್ತೆ. ಗಂಡುಗಳಿಗೆ ಬರುವ ಕುತ್ತಿಗೆ ಮೇಲಿನ ದಪ್ಪ ಉಬ್ಬು ಮಾತ್ರ ಅಷ್ಟು ಬೆಳೆಯಲ್ಲ.

ತಕ್ಷಣ ಬಿಡಬೇಡಿ. ಒಳಗೆ ಉಳಿದ ಜೀವಾಣುಗಳಿಂದ ಕೆಲವು ವಾರ ಹೆಣ್ಣು ಗಬ್ಬ ಕಟ್ಟಬಹುದು. ಆರು ವಾರ ದೂರ ಇಡಿ. ನೊಣದ ಕಾಟ ಇಲ್ಲದ ತಂಪು ಕಾಲ ನೋಡಿ ಮಾಡಿಸಿ, ಧನುರ್ವಾಯು ಲಸಿಕೆ ಮೊದಲೇ ಆಗಿರಲಿ. ಎರಡೂ ವೃಷಣ ಇಳಿದಿವೆಯಾ ಅಂತ ಈಗಲೇ ಮುಟ್ಟಿ ನೋಡಿಸಿ. ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಮೊದಲ ನೋಟಕ್ಕೆ ಹೋಗುವುದೂ ಬೇಕಾಗಲ್ಲ, ಶಸ್ತ್ರಚಿಕಿತ್ಸೆಯೂ ಬೇರೆ ಥರದ್ದು.

ಮಾಡಿಸಿದ ಮರುದಿನದಿಂದ ನಡೆದಾಡಿಸಿ. ಲಾಯದಲ್ಲಿ ನಿಂತೇ ಇದ್ದರೆ ಊತ ಜಾಸ್ತಿ.

ಗಾಡಿಚಕ್ರ

ಶೇಸ್‌ಗೆ ಮೊದಲು ಉದ್ದ ಲಗಾಮಿನಲ್ಲಿ ನಡೆಸೋದು ಕಲಿಸಿ. ಗಾಡಿ ಆಮೇಲೆ. ಮೂರು ವರ್ಷ ತುಂಬಲಿ, ಅವಸರ ಇಲ್ಲ.